ಎತ್ತಿನ ಸೋಮವಾರ

ನಮ್ಮ ಮೈದುನನ ಕೊಟ್ಟಿಗೆಯಲ್ಲಿ ಎತ್ತಾಗಿ ಹುಟ್ಟಬೇಕಾದರೆ ಏಳು ಜನ್ಮದ ಪುಣ್ಯ ಬೇಕು. ಇದು ನನ್ನ ಮಾತಲ್ಲ, ಕೌಜಲಗಿಯ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಉಳಿದವರು ನಗುತ್ತ ಹೇಳುತ್ತಾರೆ. ಅವನ ಕೈಕೆಳಗೆ ಕೆಲಸ ಮಾಡಿದ ಮಾಸ್ತರರು ಮಾತ್ರ ಹಲ್ಲು ಕಡಿಯುತ್ತ ಹೇಳುತ್ತಾರೆ! ಯಾಕಂತೀರಾ? ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಒಬ್ಬ ಮನುಷ್ಯಪ್ರಾಣಿಗೂ ನೆಟ್ಟಗೆ ಒಂದು ಕ್ಯಾಶುವಲ್ ಲೀವ್ ಕೊಡದ ಈ ಹೆಡ್‌ಮಾಸ್ತರ, ರಿಟೈರ್ ಆದ ಮೇಲೆ ತನ್ನ ಎತ್ತು, ಎಮ್ಮೆ, ನಾಯಿಗಳಿಗೆಲ್ಲ ವಾರಕ್ಕೊಂದು ಫುಲ್ ಡೇ ರಜೆ ಮಂಜೂರು ಮಾಡಿಬಿಟ್ಟಿದ್ದಾನೆ. ಅರ್ಜಿ ಇಲ್ಲ, ವಿಚಾರಣೆ ಇಲ್ಲ, ಮೆಡಿಕಲ್ ಸರ್ಟಿಫಿಕೇಟ್ ಇಲ್ಲ!

ಒಬ್ಬ ಪಾಪದ ಗಣಿತ ಮಾಸ್ತರ ತನ್ನ ಮದುವೆಗೆ ನಾಲ್ಕು ದಿನ ರಜೆ ಕೇಳಿದಾಗ ಇವನು ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದನಂತೆ: "ಸದರಿ ಮದುವೆಯನ್ನು ಬೇಸಿಗೆ ರಜೆಗೆ ಮುಂದೂಡಬಹುದೇ?" ಅಂಥವನು ಈಗ ಹೇಳುವುದೇನು ಗೊತ್ತೇ? "ವೈನಿ, ಇಷ್ಟ ವರ್ಷ ಯಾರಿಗೂ ಸೂಟಿ ಕೊಡಲಿಲ್ಲ. ಎಲ್ಲಾ ಸ್ಟಾಕ್ ಹಂಗ ಉಳದೈತಿ. ಖರ್ಚ ಮಾಡಬೇಕಲ್ಲ?"

ನಾನು ಅವನ ವೈನಿ, ಅಂದರೆ ಅಣ್ಣನ ಹೆಂಡತಿ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಫೋರ್ಕು-ಸ್ಪೂನು ಹಿಡಿಯುವುದನ್ನು ಕಲಿತು, ಗೋಕಾಕಿಗೆ ಸೊಸೆಯಾಗಿ ಬಂದು, ಇಲ್ಲಿ ಜೋಳದ ರೊಟ್ಟಿ ಮುರಿಯುವುದಕ್ಕೆ ಎರಡೂ ಸಾಲದು ಎಂದು ತಿಳಿದುಕೊಂಡವಳು. ನಾನು ಹೊಸ್ತಿಲು ದಾಟಿ ಬಂದಾಗ ಈ ಮೈದುನ ಹಾಫ್ ಪ್ಯಾಂಟ್ ಹಾಕಿಕೊಂಡು ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ಹಾಗಾಗಿ ಅವನಿಗೆಷ್ಟೇ ವಯಸ್ಸಾದರೂ ನನ್ನ ಕಣ್ಣಿಗೆ ಆ ಹಾಫ್ ಪ್ಯಾಂಟೇ ಕಾಣುತ್ತದೆ. ಅವನ ಹಿರಿಯಣ್ಣ, ನಮ್ಮೆಜಮಾನರು, ಹೋಗಿ ಬಹಳ ವರ್ಷವಾಯಿತು. ಈಗ ನಾನು ಗೋಕಾಕದ ಪೇಟೆಯಲ್ಲಿ, ಅವನು ಹೆಂಡತಿಯ ಜೊತೆ ಕೌಜಲಗಿಯ ಹೊರಗೆ ತೋಟದ ಮನೆಯಲ್ಲಿ. ತಿಂಗಳಿಗೊಂದೆರಡು ಸಲ ಹೋಗುತ್ತೇನೆ. ಎಂಟರ್‌ಟೇನ್‌ಮೆಂಟ್ ಬೇಕಲ್ಲ, ಈ ವಯಸ್ಸಿನಲ್ಲಿ!

ಈ ಹುಚ್ಚಿನ ಮೂಲ ಹುಚ್ಚಲ್ಲ, ಅದನ್ನೂ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತು ಅಂದರೆ ಬಸವಣ್ಣ, ಸೋಮವಾರ ಅವನ ವಾರ. ಆ ದಿನ ನೊಗ ಗೋಡೆಗೆ, ಎತ್ತು ನೆರಳಿಗೆ. ಎಂಥ ಚೆಂದದ ಪದ್ಧತಿ! ಯೂನಿಯನ್ ಇಲ್ಲದೆ, ಸ್ಟ್ರೈಕ್ ಇಲ್ಲದೆ ದುಡಿಯುವ ಪ್ರಾಣಿಗೆ ವೀಕ್ಲಿ ಆಫ್ ಸಿಕ್ಕಿದ್ದು ಜಗತ್ತಿನಲ್ಲಿ ಇನ್ನೆಲ್ಲಿದೆ ಹೇಳಿ? ಆದರೆ ನಮ್ಮ ಜನರ ಭಕ್ತಿಯೂ ಕ್ಯಾಲೆಂಡರ್ ನೋಡಿಯೇ ನಡೆಯುತ್ತದೆ. ಸೋಮವಾರ ಕುಂಕುಮ ಹಚ್ಚಿ ಕೈಮುಗಿದ ಬೆನ್ನಿನ ಮೇಲೆಯೇ ಮಂಗಳವಾರ ಬೆಳಿಗ್ಗೆ ಬಾರಕೋಲು! ಬಸವಣ್ಣ ಒಂದೇ ರಾತ್ರಿಯಲ್ಲಿ ಎಲ್ಲಿಗೆ ಟ್ರಾನ್ಸ್‌ಫರ್ ಆದ?

ನಗಬೇಡಿ, ನಮ್ಮ ಕಾನ್ವೆಂಟಿನಲ್ಲೂ ಇದೇ ಕತೆ. ಶುಕ್ರವಾರ ಮಾಂಸವಿಲ್ಲ, ಮೀನು ನಡೆಯುತ್ತದೆ. ಹತ್ತು ವರ್ಷದ ನಾನು ಎದ್ದು ನಿಂತು, "ಸಿಸ್ಟರ್, ಮೀನು ಪ್ರಾಣಿ ಅಲ್ಲವಾ?" ಎಂದು ಕೇಳಿ ಒಂದು ಪೀರಿಯಡ್ ಬೆಂಚಿನ ಮೇಲೆ ನಿಂತಿದ್ದೆ. ಪ್ರಾಣಿಗಳಿಗೆ ಆತ್ಮ ಇಲ್ಲವೆಂದು ಕಲಿಸುತ್ತಿದ್ದ ಆ ಸಿಸ್ಟರ್, ಸಂಜೆ ಅಡುಗೆಮನೆಯ ಹಿಂದೆ ಕೂತು ಕುಂಟ ಬೆಕ್ಕೊಂದಕ್ಕೆ ತನ್ನ ಪಾಲಿನ ಬ್ರೆಡ್ಡು ಹಾಲಿನಲ್ಲಿ ಅದ್ದಿ ತಿನಿಸುತ್ತಿದ್ದರು. ಆತ್ಮವಿಲ್ಲದ ಬೆಕ್ಕಿಗೆ "ಮೈ ಡಾರ್ಲಿಂಗ್" ಅನ್ನುತ್ತಿದ್ದರು! ಇನ್ನು ನಮ್ಮ ಗೋಕಾಕದ ಓಣಿಯಲ್ಲಿ ಸೋಮವಾರ ತಿನ್ನದವರು, ಗುರುವಾರ ತಿನ್ನದವರು, ಶ್ರಾವಣ ಪೂರ್ತಿ ತಿನ್ನದವರು ಎಲ್ಲ ಇದ್ದಾರೆ. ಶ್ರಾವಣ ಮುಗಿದ ಮರುದಿನ ಕುರಿಗಳ ಮುಖ ನೋಡಲಾಗುವುದಿಲ್ಲ. ಅವಕ್ಕೂ ಒಂದು ಪಂಚಾಂಗ ಕೊಡಿಸಿದ್ದರೆ ಮೊದಲೇ ಊರು ಬಿಡುತ್ತಿದ್ದವೇನೋ!

ನಮ್ಮ ಮೈದುನನಿಗೆ ಈ ಅರ್ಧಂಬರ್ಧ ದಯೆ ಸೇರುವುದಿಲ್ಲ. ರೂಲ್ ಅಂದರೆ ರೂಲ್. ಬೇರೆಯವರು ಸೋಮವಾರ ನೊಗ ಮಾತ್ರ ಹೂಡುವುದಿಲ್ಲ, ಇವನು ಹಗ್ಗವನ್ನೇ ಮುಟ್ಟುವುದಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ಎರಡೂ ಎತ್ತಿನ ಕೊರಳ ಹಗ್ಗ ಬಿಚ್ಚಿದರೆ ಮತ್ತೆ ಕಟ್ಟುವುದು ಮಂಗಳವಾರವೇ. "ಸೂಟಿ ಇದ್ದವನನ್ನ ಯಾರರ ಕಟ್ಟಿ ಹಾಕ್ತಾರೇನ್ರಿ?" ಅನ್ನುತ್ತಾನೆ. ನ್ಯಾಯವೇ! ಆದರೆ ಬಿಚ್ಚಿದ ಎತ್ತು ಎಲ್ಲಿಗೆ ಹೋಗುತ್ತದೆ? ಬಾಜೂ ತೋಟದ ಗೋವಿನಜೋಳಕ್ಕೆ!

ಬಾಜೂ ತೋಟದವರು ಜೈನರು. ಶಾಂತ ಸ್ವಭಾವದ ಹಿರಿಯರು, ಸೂರ್ಯ ಮುಳುಗಿದ ಮೇಲೆ ಊಟ ಮಾಡದವರು. ಅವರೇ ಒಂದು ದಿನ ಬೇಲಿಯ ಆಚೆಯಿಂದ ಕೂಗಿದರು.

"ಮಾಸ್ತರ, ನಿಮ್ಮ ಎತ್ತಿನ ಸೂಟಿ ನಮ್ಮ ಗೊಂಜಾಳದಾಗ ಯಾಕ್ರಿ?"

"ಮೂಕ ಪ್ರಾಣಿ ನೋಡ್ರಿ, ತಿಳಿಯೂದಿಲ್ಲ ಅದಕ್ಕ."

"ಅದಕ್ಕ ತಿಳಿಯೂದಿಲ್ಲ, ಖರೆ. ನಿಮಗ?"

ಅವತ್ತಿನಿಂದ ಸೋಮವಾರಗಳಲ್ಲಿ ನಮ್ಮ ಮೈದುನ ಕೊಡೆ ಹಿಡಿದು ಎತ್ತುಗಳ ಹಿಂದೆಯೇ ಸುತ್ತತೊಡಗಿದ. ಅವು ಹಳ್ಳಕ್ಕೆ ಹೋದರೆ ಇವನೂ ಹಳ್ಳಕ್ಕೆ, ಅವು ಬದುವಿಗೆ ಹೋದರೆ ಇವನೂ ಬದುವಿಗೆ. ಆರು ದಿನ ಇವನು ಎತ್ತು ಹೊಡೆಯುತ್ತಾನೆ, ಏಳನೆಯ ದಿನ ಎತ್ತುಗಳು ಇವನನ್ನು ಹೊಡೆದುಕೊಂಡು ಹೋಗುತ್ತವೆ!

ಆ ಜೈನ ಹಿರಿಯರಿಗೆ ಇನ್ನೊಂದು ಕಷ್ಟವನ್ನೂ ಕೊಟ್ಟ. ಎತ್ತಿನ ಮೈಮೇಲೆ ಉಣ್ಣಿ ಇರುತ್ತವಲ್ಲ, ಒಂದು ಸೋಮವಾರ ಅವನ ಹೆಂಡತಿ ಅವನ್ನು ಕಿತ್ತು ತೆಗೆಯುತ್ತಿದ್ದಳು. ಇವನಿಗೆ ಅಲ್ಲೇ ಒಂದು ಧರ್ಮಸಂಕಟ ಹುಟ್ಟಿತು: ಸೋಮವಾರದ ದಯೆ ಉಣ್ಣಿಗೂ ಅನ್ವಯಿಸುತ್ತದೋ ಇಲ್ಲವೋ? ಜೀವದಯೆಯ ವಿಷಯ, ಜೈನರಿಗಿಂತ ಹೆಚ್ಚು ತಿಳಿದವರು ಯಾರು ಎಂದು ಬೇಲಿಯ ಹತ್ತಿರ ಹೋಗಿ ಕೇಳಿಯೇಬಿಟ್ಟ. ಆ ಹಿರಿಯರು ಬಹಳ ಹೊತ್ತು ಆಕಾಶ ನೋಡಿ ಹೇಳಿದರು:

"ನೋಡ್ರಿ ಮಾಸ್ತರ, ಎತ್ತು ಸೂಟಿ ಮ್ಯಾಲ ಐತಿ, ಉಣ್ಣಿ ಡ್ಯೂಟಿ ಮ್ಯಾಲ ಐತಿ. ಮೊದಲ ಇಬ್ಬರದೂ ಶಿಫ್ಟ್ ಒಂದ ಮಾಡ್ರಿ. ಆಮ್ಯಾಲ ನನ್ನ ಕೇಳ್ರಿ."

ನಾಯಿಗೂ ಸೋಮವಾರ ಬೊಗಳುವ ಡ್ಯೂಟಿ ಇಲ್ಲ. ಹಾಗಾದರೆ ತೋಟ ಕಾಯುವವರು ಯಾರು? ಇವನೇ! ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು, ಯಾರ ನೆರಳು ಕಂಡರೂ "ಯಾರ್ರೀ ಅದು? ಏನ್ ಬೇಕ್ರಿ?" ಎಂದು ಸಾಲಿ ಹುಡುಗರನ್ನು ಗದರಿಸುವ ಹಳೇ ಗಂಟಲಿನಲ್ಲಿ ಕೂಗುತ್ತಿದ್ದ. ನಾಯಿ ಅವನ ಕಾಲ ಬುಡದಲ್ಲಿ ಗೊರಕೆ. ಪೋಸ್ಟ್‌ಮ್ಯಾನ್ ಒಂದು ದಿನ ಗೇಟಿನ ಹೊರಗಿನಿಂದಲೇ ಲಕೋಟೆ ಚಾಚಿ ಹೇಳಿದನಂತೆ: "ಸರ, ಬೇಕಾದರ ನಾಯಿನ್ನ ಡ್ಯೂಟಿಗೆ ಕರೀರಿ. ಅದು ಬರೇ ಬೊಗಳತೈತಿ, ನೀವು ಪ್ರಶ್ನಾ ಕೇಳ್ತೀರಿ!"

ಎಮ್ಮೆಯ ಪ್ರಸಂಗ ಮಾತ್ರ ನಗುವ ಹಾಗಿರಲಿಲ್ಲ. "ಎತ್ತಿಗೆ ಸೂಟಿ, ಎಮ್ಮಿಗೆ ಇಲ್ಲ ಅಂದ್ರ ಇದ್ಯಾವ ನ್ಯಾಯ? ಬಣ್ಣಾ ನೋಡಿ ದೇವರ ಮಾಡ್ತೀರೇನು ವೈನಿ? ಎತ್ತು ಬೆಳ್ಳಗ ಐತಿ, ಬಸವಣ್ಣ. ಎಮ್ಮಿ ಕರ್ರಗ ಐತಿ, ಅದಕ್ಕ ಯಮನ ವಾಹನ. ಹಾಲು ಕುಡಿಯೂದು ಮಾತ್ರ ಯಮನ ಕಡೆಯಿಂದನ!" ಅಂದ. ನನಗೆ ಈ ಆರ್ಗ್ಯುಮೆಂಟ್ ಬಹಳ ಹಿಡಿಸಿತು. ಮನುಷ್ಯರಲ್ಲಷ್ಟೇ ಅಲ್ಲ, ಕೊಟ್ಟಿಗೆಯಲ್ಲೂ ಕಲರ್ ಬಾರ್! ಆದರೆ ಇವನು ಅದಕ್ಕೆ ಕಂಡುಕೊಂಡ ಪರಿಹಾರವೇನು? ಸೋಮವಾರ ಎಮ್ಮೆ ಹಿಂಡುವುದನ್ನೇ ನಿಲ್ಲಿಸಿದ.

ಮಧ್ಯಾಹ್ನದ ಹೊತ್ತಿಗೆ ಎಮ್ಮೆಯ ಕೆಚ್ಚಲು ಕಲ್ಲಾಯಿತು. ಅದು ಒದರುವುದು ಬೇಲಿಯಾಚೆಗೂ ಕೇಳುತ್ತಿತ್ತು. ಇವನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ರೂಢಿ ಇಲ್ಲ, ಅದಕ್ಕ ಹಂಗ. ಸೂಟಿ ಅನುಭವಿಸಾಕೂ ಪ್ರಾಕ್ಟೀಸ್ ಬೇಕು" ಎಂದು ಎಮ್ಮೆಗೇ ಸಮಾಧಾನ ಹೇಳುತ್ತಿದ್ದ. ಇಳಿಹೊತ್ತಿಗೆ ಅವನ ಹೆಂಡತಿ ಕೈಯಲ್ಲಿ ಬಕೆಟ್ ಹಿಡಿದು ಅವನ ಪಕ್ಕದಿಂದಲೇ ಒಳಗೆ ಹೋದಳು.

"ಏ, ಸೋಮವಾರ ಐತಿ ಇವತ್ತ!"

"ಇದು ಸೂಟಿ ಅಲ್ರಿ, ಶಿಕ್ಷಾ. ಬಾಜೂಕ ಸರೀರಿ."

ಅಷ್ಟೇ ಮಾತು. ಸರಿದ! ನಮ್ಮ ನೆಗೆಣ್ಣಿಯ ಮಾತೇ ಹಾಗೆ, ವರ್ಷಕ್ಕೆ ಎಂಟೋ ಹತ್ತೋ. ಅವಳ ಕೆಲಸ ಮಾತ್ರ ಎಣಿಸಲಾಗದು. ಈ ಸೋಮವಾರದ ಸೂಟಿಯ ಒಂದು ಸಣ್ಣ ವಿಷಯ ನಿಮಗಿನ್ನೂ ಹೇಳಿಲ್ಲ ನೋಡಿ: ಸೂಟಿಯಲ್ಲಿರುವ ಎತ್ತಿಗೆ ಮೈ ತೊಳೆಯಬೇಕು, ನುಚ್ಚು ಬೇಯಿಸಿ ಹಾಕಬೇಕು, ಕೊಂಬಿಗೆ ಎಣ್ಣೆ ಹಚ್ಚಬೇಕು, ಪೂಜೆಗೆ ಹೋಳಿಗೆಯಾಗಬೇಕು. ಇದನ್ನೆಲ್ಲ ಮಾಡುತ್ತಿದ್ದವರು ಯಾರೆಂದು ನಾನು ಹೇಳಬೇಕೇ? ನಾನೂ ಅಂಥ ಸೋಮವಾರಗಳಂದು ಅಲ್ಲಿ ಕೂತು ಹೋಳಿಗೆ ತಿಂದವಳೇ. ತಿನ್ನುವಾಗ ನನಗೂ ಹೊಳೆಯಲಿಲ್ಲ, ಕನ್ಫೆಸ್ ಮಾಡುತ್ತೇನೆ.

ಒಮ್ಮೆ ಹುಕ್ಕೇರಿಗೆ ಒಂದು ನಿಶ್ಚಿತಾರ್ಥಕ್ಕೆ ಎಲ್ಲ ಸೇರಿ ಕಾರಿನಲ್ಲಿ ಹೊರಟಿದ್ದೆವು. ಕಬ್ಬಿನ ಸೀಸನ್. ರಸ್ತೆಯುದ್ದಕ್ಕೂ ಫ್ಯಾಕ್ಟರಿಗೆ ಹೊರಟ ಎತ್ತಿನ ಗಾಡಿಗಳ ಸಾಲು, ಒಂದೊಂದರ ಮೇಲೂ ಒಂದೊಂದು ಗುಡ್ಡ ಕಬ್ಬು. ನಮ್ಮ ಮೈದುನ ಕಿಟಕಿಯಿಂದ ನೋಡಿದ, "ನಿಲ್ಲಸೋ ಗಾಡಿ!" ಅಂದ. ರೇಷ್ಮೆ ಅಂಗಿಯಲ್ಲಿ ಇಳಿದು ಸಾಲಿನ ಮೊದಲ ಗಾಡಿಯ ಮುಂದೆ ಕೈ ಅಡ್ಡ ಹಿಡಿದು ನಿಂತ!

"ಇವತ್ತ ಯಾ ವಾರ ಗೊತ್ತೈತೇನು ನಿನಗ?"

ಗಾಡಿಯವನು ತಲೆಗೆ ಸುತ್ತಿದ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಸೋಮವಾರ್ರಿ."

"ಸೋಮವಾರ ಬಸವಣ್ಣನ ಕುತ್ತಿಗಿ ಮ್ಯಾಲ ನೊಗ ಇಟ್ಟೀಯಲ್ಲ, ಪಾಪ ಹತ್ತೂದಿಲ್ಲೇನು?"

"ಹತ್ತತೈತ್ರಿ ಸಾಹೇಬ್ರ. ಆದ್ರ ಈ ಮಾತು ಮೊದಲ ಆ ಫ್ಯಾಕ್ಟರಿ ಬಾಯ್ಲರಿಗೆ ಹೇಳಿ ಬರ್ರಿ. ಅದು ಸೋಮವಾರ ಹಿಡೀತಂದ್ರ ನಾ ಎರಡ ಸೋಮವಾರ ಹಿಡೀತೇನಿ."

ಹಿಂದಿನ ಗಾಡಿಗಳವರು ನಕ್ಕರು. ಇವನು ಬಿಡಲಿಲ್ಲ. "ಹಂಗಲ್ಲ, ಒಂದ ದಿವಸ ಎತ್ತಿಗೆ ಸೂಟಿ ಕೊಟ್ರ ಏನಾಗತೈತಿ?"

"ಏನೂ ಆಗೂದಿಲ್ರಿ. ಅವತ್ತ ನೊಗಕ್ಕ ಒಂದ ಕಡೆ ನಾ ಕುತ್ತಿಗಿ ಕೊಡ್ತೇನಿ, ಇನ್ನೊಂದ ಕಡೆ ನೀವು ಕೊಡಬೇಕು. ಬರ್ತೀರೇನು?"

ನಮ್ಮ ಮೈದುನ ಸುಮ್ಮನೆ ಬಂದು ಕಾರಿನಲ್ಲಿ ಕೂತ. ನಿಶ್ಚಿತಾರ್ಥದ ಊಟದಲ್ಲಿ ಎರಡನೇ ಸಲ ಸಿಹಿ ಬಡಿಸಲು ಬಂದರೂ ಬೇಡ ಅಂದ. ಅವನಿಗೆ ಉತ್ತರ ಹೊಳೆಯದಿದ್ದ ಮೊದಲನೆಯ ಪ್ರಶ್ನೆ ಅದೇ ಇರಬೇಕು.

ಎರಡನೆಯ ಪ್ರಶ್ನೆ ಅವನ ಕೊಟ್ಟಿಗೆಯಲ್ಲೇ ಎದ್ದಿತು.

ಇರುವ ಎರಡು ಎತ್ತುಗಳಲ್ಲಿ ದೊಡ್ಡದನ್ನು ಹಿರಿಯಾ ಅನ್ನುತ್ತಿದ್ದರು. ಕರುವಾಗಿದ್ದಾಗ ಬಂದದ್ದು, ಈಗ ಮುದಿಯಾಗಿತ್ತು. ದೀಪಾವಳಿ ಆದ ಮೇಲೆ ಅದು ಸುಮ್ಮಸುಮ್ಮನೆ ತಲೆ ಕೊಡವತೊಡಗಿತು. ಆಮೇಲೆ ಬಲಗೊಂಬನ್ನು ಕಂಬಕ್ಕೆ ತಿಕ್ಕುವುದು, ತಲೆ ಒಂದೇ ಕಡೆ ಓರೆ ಮಾಡಿ ನಿಲ್ಲುವುದು. ಒಂದು ಬೆಳಿಗ್ಗೆ ಮೂಗಿನಿಂದ ರಕ್ತ ಬಂತು. ಮೂಡಲಗಿಯಿಂದ ದನದ ಡಾಕ್ಟರು ಬಂದು ನೋಡಿ, ಕೊಂಬಿನ ಕ್ಯಾನ್ಸರ್ ಅಂದರು. ಬುಡಸಹಿತ ಕೊಂಬು ತೆಗೆಯಬೇಕು. ಬೇಗ ತೆಗೆದರೆ ಬದುಕುತ್ತದೆ, ತಡವಾದರೆ ತಲೆಯೊಳಗೆ ಇಳಿಯುತ್ತದೆ.

"ನಾಳೆ ನನಗ ಆಗೂದಿಲ್ಲ, ನಾಡದು ಬಂದು ಮಾಡಿ ಬಿಡ್ತೇನಿ ಸರ. ಅದರ ಮರುದಿವಸದಿಂದ ಕಾಲುಬಾಯಿ ರೋಗದ ಲಸಿಕಿ ಕ್ಯಾಂಪ್ ಚಾಲೂ, ಹಳ್ಳಿ ಹಳ್ಳಿ ತಿರಗಬೇಕು. ತಿಂಗಳತನಕ ನಾ ಸಿಗೂದಿಲ್ಲ. ಅಷ್ಟ ದಿವಸ ಇದು ತಡಿಯೂದಿಲ್ಲ."

ನಾಡಿದ್ದು ಯಾವ ವಾರ? ಹೇಳುವುದೇ ಬೇಡ!

"ಎಲ್ಲಾ ಬರೋಬ್ಬರಿ. ಹಗ್ಗ ಹಾಕಬೇಕಾಗತೈತೇನ್ರಿ?" ಎಂದು ಇವನು ಕೇಳಿದ.

ಡಾಕ್ಟರು ನಕ್ಕರು. "ಮತ್ತ? ಇಷ್ಟ ದೊಡ್ಡ ಎತ್ತು, ಕೊಂಬು ಕೊಯ್ಯೂಮುಂದ ತಾನಾಗೇ ಕೈಕಟ್ಟಿ ಕೂಡತೈತೇನ್ರಿ? ನಾಕೂ ಕಾಲಿಗೆ ಹಗ್ಗ ಹಾಕಿ ಕೆಡವಬೇಕು."

"ಹಂಗಾದರ ಸೋಮವಾರ ಆಗೂದಿಲ್ಲ."

ರವಿವಾರ ಸಂಜೆ ನೆಗೆಣ್ಣಿ ನನಗೆ ಫೋನ್ ಮಾಡಿದಳು. ಅವಳು ಫೋನ್ ಮಾಡಿದಳೆಂದರೇ ಸಣ್ಣ ವಿಷಯವಲ್ಲ. "ಅಕ್ಕಾರ, ನಾಳಿಗೆ ನೀವರ ಬಂದು ಹೇಳ್ರಿ. ಹಿರಿಯಾ ಎರಡ ದಿವಸಾತು ನೀರು ಮುಟ್ಟಿಲ್ಲ. ಇವರು ಬರೇ ವಾರ ವಾರ ಅನ್ನಾಕತ್ತಾರ."

ಮರುದಿನ ಮೊದಲ ಬಸ್ಸಿಗೇ ಹೋದೆ. ಅಂಗಳದಲ್ಲಿ ಡಾಕ್ಟರು, ಅವರ ಕಂಪೌಂಡರು, ಬಾಜೂ ತೋಟದ ಜೈನ ಹಿರಿಯರು, ನೆಲದ ಮೇಲೆ ಹಗ್ಗದ ಸುರುಳಿ. ಬೇವಿನ ಮರದ ಕೆಳಗೆ ಹಿರಿಯಾ, ತಲೆ ಓರೆಯಾಗಿ, ಕಣ್ಣಿನ ಕೆಳಗೆ ನೀರು ಇಳಿದ ಗೆರೆ. ಹಗ್ಗ ಮತ್ತು ಎತ್ತಿನ ನಡುವೆ ನಮ್ಮ ಹೆಡ್‌ಮಾಸ್ತರ, ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ನಿಂತಿದ್ದ. ಅವನ ಮುಖ ನೋಡಿದ್ದೇ ನಾನು ತಯಾರು ಮಾಡಿಕೊಂಡು ಹೋಗಿದ್ದ ಬೈಗುಳವೆಲ್ಲ ನುಂಗಿಕೊಂಡೆ. ರಾತ್ರಿ ಅತ್ತಿದ್ದ ಮುಖ ಅದು.

"ತಮ್ಮಾ, ಜೀವ ಉಳಸೂದು ದೊಡ್ಡದೋ, ವಾರಾ ದೊಡ್ಡದೋ?" ಅಂದೆ.

"ವೈನಿ, ಅದಕ್ಕ ಮಾತ ಕೊಟ್ಟೇನಿ ನಾನು. ಸೋಮವಾರ ನಿನ್ನ ಮೈಮ್ಯಾಲ ಹಗ್ಗ ಬೀಳೂದಿಲ್ಲ ಅಂತ. ಅದು ನನ್ನ ನಂಬೇತಿ. ಇವತ್ತ ಅದಕ್ಕ ಬ್ಯಾನಿ, ಇವತ್ತ ನಾ ಮಾತ ಮುರದರ?"

ಡಾಕ್ಟರು ಮುಸಲ್ಮಾನರು. ಕೈಗಡಿಯಾರ ನೋಡಿಕೊಂಡು, ನಗುತ್ತಲೇ ಹೇಳಿದರು: "ಸರ, ಹ್ವಾದ ವರ್ಷ ನಿಮ್ಮ ಎಮ್ಮಿ ಹೊಟ್ಯಾಗ ಕರಾ ಅಡ್ಡ ಆಗಿತ್ತಲ್ಲ, ಅವತ್ತ ಶುಕ್ರವಾರ ಇತ್ತು. ನಾ ಜುಮ್ಮಾ ನಮಾಜ್ ಬಿಟ್ಟು ನಿಮ್ಮ ಕೊಟ್ಟಿಗ್ಯಾಗ ಮೊಳಕೈತನಕ ಕೈ ಹಾಕಿ ಕೂತಿದ್ದೆ. ಮ್ಯಾಲಿನವನು ನನಗೇನೂ ಮೆಮೋ ಕೊಟ್ಟಿಲ್ಲ ನೋಡ್ರಿ ಇನ್ನೂ."

ಮೆಮೋ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಹೆಡ್‌ಮಾಸ್ತರನೊಳಗೆ ಏನೋ ಎದ್ದು ಕೂತಿತು. "ತಡೀರಿ. ಪರವಾನಗಿ ಕೇಳೋಣ" ಅಂದ.

"ಯಾರನ್ನ?"

"ಯಾರ ಸೂಟಿ ಐತಿ, ಅವರನ್ನ."

ಒಳಗೆ ಹೋದ. ಐದು ನಿಮಿಷ. ಒಂದು ಫುಲ್‌ಸ್ಕೇಪ್ ಹಾಳೆಯಲ್ಲಿ, ಎಡಕ್ಕೆ ಮಾರ್ಜಿನ್ ಬಿಟ್ಟು ಬರೆದ ಅರ್ಜಿ ಹಿಡಿದು ಬಂದ! ಎತ್ತಿನ ಮುಂದೆ ಚಪ್ಪಲಿ ಕಳಚಿ, ಕನ್ನಡಕ ಏರಿಸಿ, ಗಂಟಲು ಸರಿ ಮಾಡಿಕೊಂಡು ಓದಿದ: "ಇವರಿಂದ, ನಿವೃತ್ತ ಮುಖ್ಯೋಪಾಧ್ಯಾಯರು. ಇವರಿಗೆ, ಹಿರಿಯಾ ಅವರಿಗೆ. ವಿಷಯ: ಸೋಮವಾರದ ದಿನ ತಮ್ಮ ಮೈಮೇಲೆ ಹಗ್ಗ ಹಾಕಲು ಅನುಮತಿ ಕೋರಿ. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮ್ಮ ಬಲಗೊಂಬಿನ ಶಸ್ತ್ರಚಿಕಿತ್ಸೆಯು ಅನಿವಾರ್ಯವಾಗಿರುವುದರಿಂದ, ಇದೊಂದು ಸಲ, ದಯವಿಟ್ಟು..."

ಓದು ಅಲ್ಲಿಗೇ ನಿಂತಿತು. ಕಂಪೌಂಡರು ನಗು ತಡೆಯಲು ಬಾಯಿಗೆ ಟವೆಲ್ ಒತ್ತಿಕೊಂಡಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಹೊತ್ತಿಗೆ ಸರಿಯಾಗಿ ಹಿರಿಯಾ ಜೋರಾಗಿ ತಲೆ ಕೊಡವಿತು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ.

"ಒಲ್ಲೆ ಅಂತೈತಿ!" ಇವನು ಹಾಳೆ ಮಡಚಿದ. "ನೋಡಿದಿರಿಲ್ಲೋ? ಖಡಾಖಂಡಿತ ಒಲ್ಲೆ ಅಂತೈತಿ!"

"ಸರ!" ಡಾಕ್ಟರು ತಲೆ ಮೇಲೆ ಕೈಹೊತ್ತರು. "ಅದು ಉತ್ತರ ಅಲ್ರಿ, ರೋಗದ ಲಕ್ಷಣಾ!"

"ಅದು ನಿಮ್ಮ ಓದು. ನಾ ಅರ್ಜಿ ಓದಿ ಮುಗಿಸಿದ ಮ್ಯಾಲನ ಯಾಕ ಕೊಡವಿತು?"

"ಮಾಸ್ತರ, ಮುಗಿಸಿಲ್ಲ ನೀವು. ದಯವಿಟ್ಟು ಅನ್ನೂದಕ್ಕ ನಿಂತೈತಿ" ಎಂದರು ಜೈನ ಹಿರಿಯರು, ಬಹಳ ಮೆಲ್ಲಗೆ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಡಾಕ್ಟರು ಬ್ಯಾಗಿನ ಜಿಪ್ ಎಳೆದರು, ತೆರೆಯಲಿಕ್ಕೋ ಮುಚ್ಚಲಿಕ್ಕೋ ಗೊತ್ತಾಗಲಿಲ್ಲ. ಆಗ ನೆಗೆಣ್ಣಿ ಕೊಟ್ಟಿಗೆಯಿಂದ ಬಂದಳು. ಕೈಯಲ್ಲಿ ಸೆಗಣಿ. ಕೈಯನ್ನು ಬಾನಿಯಲ್ಲಿ ಅದ್ದಿ ತೊಳೆದು, ಸೆರಗಿಗೆ ಒರೆಸಿಕೊಂಡು, ನೆಲದ ಮೇಲಿನ ಹಗ್ಗ ಎತ್ತಿಕೊಂಡಳು.

"ಏ! ಸೋಮವಾರ..." ಎಂದ ಇವನು.

"ನೀವು ಆ ಕಡೆ ಹೊಳ್ಳಿ ನಿಂದರ್ರಿ" ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಒಲೆಯ ಮೇಲಿನ ಹಾಲು ನೋಡಿ ಎನ್ನುವಂಥ ದನಿ. "ಸೋಮವಾರ ಇರೂದು ನಿಮಗ, ನಿಮ್ಮ ಎತ್ತಿಗೆ. ನಾ ಈ ಮನಿಗೆ ಬಂದಾಗಿಂದ ನನಗ ಒಂದೂ ಸೋಮವಾರ ಬಂದಿಲ್ಲ. ನಾ ಕಟ್ಟಿದರ ಯಾ ಮಾತೂ ಮುರಿಯೂದಿಲ್ಲ."

ಕಂಪೌಂಡರ ಬಾಯಿಯಿಂದ ಟವೆಲ್ ಜಾರಿತು. ನನ್ನ ಮೈದುನ ಮಡಚಿದ ಹಾಳೆಯನ್ನು ಕೈಯಲ್ಲೇ ಹಿಡಿದು ಆ ಕಡೆ ಹೊರಳಿ ನಿಂತ. ಮೂವತ್ತೈದು ವರ್ಷ ಎಲ್ಲರ ಅರ್ಜಿಗೂ ಕಾರಣ ಕೇಳಿದವನಿಗೆ, ಅರ್ಜಿಯನ್ನೇ ಹಾಕದವಳಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ.

ಅವಳು ಹಿರಿಯಾನ ಹತ್ತಿರ ಹೋಗಿ ಕೊರಳ ಕೆಳಗಿನ ಗಂಗೆದೊಗಲು ತಿಕ್ಕಿದಳು. "ಯಪ್ಪಾ, ಇದೊಂದ ಸರತಿ ತಡಕೋ" ಅಂದಳು. ಬೇರೆ ಯಾರನ್ನೂ ಹತ್ತಿರ ಬಿಡದಿದ್ದ ಎತ್ತು ಅವಳ ಕೈಯಲ್ಲಿ ಮೂತಿ ಇಟ್ಟು ನಿಂತಿತು. ಕಾಲಿಗೆ ಹಗ್ಗ ಸುತ್ತಿದಳು, ಡಾಕ್ಟರು ಹೇಳಿದಂತೆ ಗಂಟು ಹಾಕಿದಳು. ಆಮೇಲೆ ಎಲ್ಲರೂ ಸೇರಿ ಎಳೆದರು, ಹುಲ್ಲಿನ ಮೆತ್ತೆಯ ಮೇಲೆ ಆ ದೊಡ್ಡ ದೇಹ ನಿಧಾನಕ್ಕೆ ಒರಗಿತು. ಇಂಜೆಕ್ಷನ್ ಕೊಟ್ಟು ಗರಗಸ ಎತ್ತುವ ಹೊತ್ತಿಗೆ, ಆ ಕಡೆ ಹೊರಳಿ ನಿಂತಿದ್ದವನು ಈ ಕಡೆ ಹೊರಳಿದ. ಬಂದು ನೆಲದ ಮೇಲೆ ಕೂತು, ಹಿರಿಯಾನ ತಲೆ ತೊಡೆಯ ಮೇಲೆ ತೆಗೆದುಕೊಂಡ. ಗರಗಸದ ಸದ್ದು ಮುಗಿಯುವವರೆಗೂ ಅದರ ಕಣ್ಣಿನ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದ. ಕನ್ನಡಕ ಎಲ್ಲಿ ಬಿತ್ತೋ, ಇಸ್ತ್ರಿ ಮಾಡಿದ ಧೋತರ ಏನಾಯಿತೋ, ನೋಡಲಿಲ್ಲ.

ಹಿರಿಯಾ ಬದುಕಿತು. ಒಂದೇ ಕೊಂಬು ಈಗ. ದೂರದಿಂದ ನೋಡಿದರೆ ಯಾವಾಗಲೂ ಏನೋ ಪ್ರಶ್ನೆ ಕೇಳುವವರ ಹಾಗೆ ಕಾಣುತ್ತದೆ.

ಮೂರು ವಾರ ಬಿಟ್ಟು ಮತ್ತೊಂದು ಸೋಮವಾರ ಹೋದೆ. ಗಾಯ ಒಣಗುತ್ತಿತ್ತು. ಬೇವಿನ ಮರದ ಕೆಳಗೆ ಹಿರಿಯಾ ಮಲಗಿ ಮೆಲುಕು ಹಾಕುತ್ತಿತ್ತು. ನಾನು, ಮೈದುನ ಕಟ್ಟೆಯ ಮೇಲೆ ಕೂತಿದ್ದೆವು. ನೆಗೆಣ್ಣಿ ಚಹಾ ತಂದಿಟ್ಟು, ಎಂದಿನಂತೆ ಒಳಗೆ ಹೊರಟಳು.

"ನಿಂದರ ಸ್ವಲ್ಪ" ಅಂದ ಇವನು.

ನಿಂತಳು.

ಅವನು ಚಹಾದ ಕಪ್ಪನ್ನು ಎರಡು ಸಲ ತಿರುಗಿಸಿದ. ಕೆಮ್ಮಿದ. ನನ್ನ ಕಡೆ ನೋಡಿದ, ನಾನು ಬೇವಿನ ಮರ ನೋಡಿದೆ. ಆಮೇಲೆ ಕೇಳಿದ:

"ನಿನಗ ಯಾ ವಾರ ಸೂಟಿ ಬೇಕು?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಹಳ ಹೊತ್ತು ಯೋಚಿಸಿದಳು. ನಮ್ಮೆಜಮಾನರು ಒಳ್ಳೆಯವರು, ಇಂಗ್ಲಿಷ್ ಪೇಪರ್ ಓದುತ್ತಿದ್ದರು, ನನಗೆ ಎಂದೂ ಒಂದು ಮಾತು ಗಟ್ಟಿಯಾಗಿ ಆಡಿದವರಲ್ಲ. ಆದರೆ ಈ ಪ್ರಶ್ನೆ ಅವರೂ ಕೇಳಿರಲಿಲ್ಲ. ಕೇಳಿದ್ದರೆ ನಾನು ಯಾವ ವಾರ ಹೇಳುತ್ತಿದ್ದೆ? ಏಳೂ ವಾರ ಮನಸ್ಸಿನಲ್ಲಿ ಹೇಳಿಕೊಂಡು ನೋಡಿದೆ.

ಕೊನೆಗೆ ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಅಂದಳು: "ಸೂಟಿ ಕೊಟ್ಟರ ನಾ ಎಲ್ಲಿ ಹೋಗ್ಲಿರಿ?"

ಅವನು ಕಪ್ಪು ಕೆಳಗಿಟ್ಟ. ಎದ್ದ. ಹೆಗಲ ಮೇಲಿನ ಟವೆಲ್ ತೆಗೆದು ಕೊಡವಿ, ಎತ್ತು ಮಲಗಿದ್ದ ನೆರಳಿನಲ್ಲೇ ನೆಲಕ್ಕೆ ಹಾಸಿದ. ಸುಕ್ಕು ತೆಗೆದು, ಅಂಗೈಯಿಂದ ತಟ್ಟಿದ.

"ಎಲ್ಲೂ ಹೋಗೂದ ಬ್ಯಾಡ" ಅಂದ. "ಇಲ್ಲೇ ಕೂಡು."

ಅವಳು ಒಮ್ಮೆ ಅಡುಗೆಮನೆಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ. ಆಮೇಲೆ ಹೊಸ ಊರಿನ ಬಸ್ಸಿನಲ್ಲಿ ಸೀಟು ಸಿಕ್ಕವರ ಹಾಗೆ, ಅಂಚಿನಲ್ಲಿ ಕೂತಳು. ಹಿರಿಯಾ ಮೆಲುಕು ನಿಲ್ಲಿಸಿ, ಮೂತಿ ಚಾಚಿ ಅವಳ ಮೊಣಕಾಲು ಮೂಸಿ, ದೀರ್ಘವಾಗಿ ಉಸಿರು ಬಿಟ್ಟಿತು.

ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಅವತ್ತು ಅವನ್ನು ನಾನೇ ತೊಳೆದೆ, ಬೇಗ ಮುಗಿಯದ ಹಾಗೆ, ನಿಧಾನವಾಗಿ.